ಊರಮಕ್ಕಳ ಅಧ್ಯಕ್ಷ

ಫೊಂಬೊನಿ, ಮ್ವಾಲಿ ದ್ವೀಪ
೪ ಅಕ್ಟೋಬರ್ ೧೯೯೩

ಅಧ್ಯಕ್ಷರೇ,

ಹೀಗೆ ಕರೆದರೆ ನಿಮಗೆ ಮುಜುಗರವಾಗುತ್ತದೆ ಎಂದು ಗೊತ್ತಿದ್ದೇ ಕರೆಯುತ್ತಿದ್ದೇನೆ. ಒಂದು ವರ್ಷದ ಮಟ್ಟಿಗೆ ವರ್ಗವಾದ ಶಾಲೆಗೆಂದು ನಾನು ವಾಂತಿ ಮಾಡಿಕೊಳ್ಳುತ್ತ ಕಡಲು ದಾಟುತ್ತಿದ್ದಾಗ ನೀವು ಅಲ್ಲಿ ಮೊರೊನಿ ಪೇಟೆಯಲ್ಲಿ ಲೀಗಿನ ಚುನಾವಣೆ ಗೆದ್ದಿರಿ. ಹಿಂದಿನ ದಿನದವರೆಗೂ "ಒಬ್ಬ ದರ್ಜಿಗೆ ಯಾರು ಕೈ ಎತ್ತುತ್ತಾರೆ, ಬಿಡು" ಎನ್ನುತ್ತಿದ್ದಿರಿ. ಇಲ್ಲಿನ ಮುಖ್ಯೋಪಾಧ್ಯಾಯರು ನನ್ನನ್ನು ಸ್ವಾಗತಿಸಿದ್ದೇ ಆ ಸುದ್ದಿಯಿಂದ. ನ್ಗಾಜಿಜಾ ದ್ವೀಪದ ಫುಟ್‌ಬಾಲ್ ಲೀಗಿಗೆ ಇವಾನಿಯ ಬಕಾರಿ ಎಂಬವರು ಅಧ್ಯಕ್ಷರಾಗಿದ್ದಾರೆ ಎಂದು ರೇಡಿಯೋದಲ್ಲಿ ಬಂತಂತೆ. ಹಿಂದೆ ಒಳ್ಳೆಯ ರೆಫರಿಯಾಗಿದ್ದರು ಎಂದೂ ಹೇಳಿದರಂತೆ. ಹೊಲಿಗೆಯ ಬಗ್ಗೆ ಏನೂ ಹೇಳಲಿಲ್ಲ. ನನಗೆ ಅದೇ ಬೇಸರ.

ನನಗೆ ಕೊಟ್ಟ ಮನೆಯ ಹಿಂದೆ ಒಂದು ಹಳ್ಳವಿದೆ. ನಮ್ಮ ದ್ವೀಪದಲ್ಲಿ ಆಕಾಶ ಕೊಟ್ಟದ್ದನ್ನು ತೊಟ್ಟಿಯಲ್ಲಿ ಹಿಡಿದು, ಮುಚ್ಚಿಟ್ಟು, ಅಳೆದು ಕುಡಿದು ಬೆಳೆದವಳು ನಾನು. ಇಲ್ಲಿ ನೀರು ತನ್ನಷ್ಟಕ್ಕೆ ಹರಿಯುತ್ತದೆ, ಯಾರನ್ನೂ ಕೇಳುವುದಿಲ್ಲ. ಆ ಸದ್ದಿಗೆ ನಿದ್ದೆ ಹತ್ತುವುದಿಲ್ಲ. ಯಾರೋ ನಲ್ಲಿ ತೆರೆದಿಟ್ಟು ಮರೆತಿದ್ದಾರೆ, ಎದ್ದು ನಿಲ್ಲಿಸಬೇಕು ಎನಿಸುತ್ತದೆ.

ಒಂದು ಮಾತು ಕೇಳಲೇ? ಇನ್ನು ಮೇಲೆ ಊರ ಕಟ್ಟೆಯಲ್ಲಿ ಎಲ್ಲಿ ಕೂರುತ್ತೀರಿ? ಹಿಂದಿನ ಅಧ್ಯಕ್ಷರೆಲ್ಲ ಊರಿಗೆಲ್ಲ ಉಣಿಸಿ, ಚಿನ್ನ ಸುರಿದು ದೊಡ್ಡ ಮದುವೆ ಮುಗಿಸಿಕೊಂಡು 'ತುಂಬಿದ ಗಂಡಸರು' ಎನಿಸಿಕೊಂಡವರು. ಕಟ್ಟೆಯ ಮೇಲೆ ಎದ್ದು ನಿಂತು ಮಾತಾಡುವ ಹಕ್ಕು ಅವರಿಗಿತ್ತು. ನಾವಿಬ್ಬರು ಖಾಜಿಯ ಮುಂದೆ ಚಿಕ್ಕ ಮದುವೆ ಮಾಡಿಕೊಂಡು, ನನ್ನಮ್ಮ ಕಟ್ಟಿಸಿಕೊಟ್ಟ ಮನೆಯಲ್ಲಿ ಎರಡು ಗಂಡುಮಕ್ಕಳನ್ನು ಬೆಳೆಸಿ, ದೊಡ್ಡದರ ಮಾತನ್ನೇ ಮರೆತುಬಿಟ್ಟೆವು. ಐವತ್ತು ದಾಟಿದರೂ ನೀವು ಮಾತಿನ ಹಕ್ಕಿಲ್ಲದ ಊರಮಕ್ಕಳ ಸಾಲಿನಲ್ಲೇ ಉಳಿದಿರಿ. ನನಗೆ ಅದು ಎಂದೂ ಕೊರತೆ ಎನಿಸಿಲ್ಲ. ನಿಮಗೂ ಅನಿಸದಿರಲಿ ಎಂದು ಈಗ ಮೊದಲ ಸಲ ಆಸೆಪಡುತ್ತಿದ್ದೇನೆ.

ತೊಟ್ಟಿಯ ಮುಚ್ಚಳ ಸರಿಯಾಗಿ ಹಾಕಿ. ಬೆಕ್ಕು ಹಾರುತ್ತದೆ.

ನಿಮ್ಮ
ಎಶಾತಿ


ಇವಾನಿ, ನ್ಗಾಜಿಜಾ
೨೩ ಅಕ್ಟೋಬರ್ ೧೯೯೩

ಎಶಾತಿ,

ನಿನ್ನ ಪ್ರಶ್ನೆಗೆ ಶುಕ್ರವಾರವೇ ಉತ್ತರ ಸಿಕ್ಕಿತು. ನಮಾಜು ಮುಗಿಸಿ ಕಟ್ಟೆಗೆ ಹೋಗಿ ಎಂದಿನಂತೆ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಹಿರಿಯ ನಸೂರು ಅವರು ಎಲ್ಲರ ಮುಂದೆ ನನ್ನನ್ನು ಹೊಗಳಿದರು. ಊರಿಗೆ ಹೆಸರು ತಂದ ಮಗು ಎಂದರು. ಅದು ಮುಗಿಯುತ್ತಿದ್ದಂತೆ ಹಬೀಬು ನನ್ನ ಕಡೆ ತಿರುಗಿದ. ಕಡಲಾಚೆ ದುಡಿದು ಆಗಸ್ಟಿನಲ್ಲಿ ಮಾರ್ಸೆಯಿಂದ ಬಂದು ದೊಡ್ಡ ಮದುವೆ ಮುಗಿಸಿಕೊಂಡನಲ್ಲ, ಇನ್ನೂ ಮೂವತ್ತು ತುಂಬಿಲ್ಲ, ಅವನು. ಅವನ ಮದುವೆಯ ನಿಲುವಂಗಿಗೆ ಚಿನ್ನದ ದಾರದ ಕಸೂತಿ ಹಾಕಿದ್ದು ನಾನೇ. "ಹುಡುಗಾ, ಒಂಚೂರು ನೀರು ತಂದ್ಕೊಡು" ಅಂದ. ತಂದುಕೊಟ್ಟೆ. ತುಂಬಿದ ಗಂಡಸು ಕೇಳಿದರೆ ಊರಮಗ ತರಬೇಕು, ಪದ್ಧತಿ ಅದು, ಅವನದೇನೂ ತಪ್ಪಿಲ್ಲ. ಪಾಪ, ಸಂಕೋಚದಿಂದಲೇ ಕೇಳಿದ. ಆದರೆ ಲೋಟ ವಾಪಸು ಕೊಡುವಾಗ ಬಾಯಿ ತಪ್ಪಿ "ಉಪಕಾರ ಆಯ್ತು, ಅಧ್ಯಕ್ಷರೇ" ಎಂದುಬಿಟ್ಟ. ಇಡೀ ಕಟ್ಟೆ ನಕ್ಕಿತು. ನಾನೂ ನಕ್ಕೆ.

ನಗು ಅಲ್ಲಿಗೆ ಮುಗಿಯಿತು. ಮೊನ್ನೆ ನಮ್ಮೂರಿನ ಮೈದಾನದಲ್ಲಿ ನಮಗೂ ನೆರೆಯೂರು ಹಂಜಾಲೆಗೂ ಸೆಮಿಫೈನಲ್ ಇತ್ತು. ಸರಿಸಮ ಆಟ. ಮುಗಿಯಲು ಇನ್ನೇನು ಬಂತು ಎನ್ನುವಾಗ ಹಂಜಾಲೆಯವನೊಬ್ಬ ದೂರದಿಂದ ಹೊಡೆದ. ನಮ್ಮ ಗೋಲಿನ ಬಲೆ ನಿನಗೆ ಗೊತ್ತಲ್ಲ, ಹಳೆಯ ಮೀನಿನ ಬಲೆ, ಒಂದು ಕಡೆ ತಲೆ ತೂರುವಷ್ಟು ಹರಿದಿದೆ. ಚೆಂಡು ಹಿಂದಿನ ಬಾಳೆಗಿಡಗಳ ನಡುವೆ ಹೋಗಿ ಬಿತ್ತು. ಬಲೆಯ ತೂತಿನೊಳಗಿಂದ ಹೋಯಿತು, ಗೋಲು ಎಂದು ಹಂಜಾಲೆಯವರು. ಕಂಬದ ಹೊರಗಿಂದ ಹೋಯಿತು ಎಂದು ನಮ್ಮವರು. ರೆಫರಿ ಸೀಟಿ ಊದಿ, ಗೋಲಾಯಿತು ಎಂದು ಮೈದಾನದ ನಡುವಿಗೆ ಕೈ ಚಾಚಿದ. ಚಾಚಿದ ಕೈ ಇಳಿಸುವಷ್ಟರಲ್ಲಿ ಜನ ನುಗ್ಗಿದರು. ಪುಣ್ಯಾತ್ಮ ಓಡಿಹೋಗಿ ಮಸೀದಿ ಸೇರಿಕೊಂಡ.

ಈಗ ತೀರ್ಪು ಲೀಗಿನದು. ನಿಯಮದ ಪ್ರಕಾರ ಅಧ್ಯಕ್ಷ ತೀರ್ಮಾನಿಸಿ, ಜಗಳವಾದ ಊರಿನ ಕಟ್ಟೆಯ ಮೇಲೆ ಎದ್ದು ನಿಂತು ಹೇಳಬೇಕು. ಕಟ್ಟೆಯ ಮೇಲೆ ಹೇಳದ ಮಾತನ್ನು ನಮ್ಮಲ್ಲಿ ಯಾರು ಮಾತೆನ್ನುತ್ತಾರೆ? ಆ ನಿಯಮ ಮಾಡಿದವರಿಗೆ, ಮುಂದೆ ಒಬ್ಬ ಊರಮಗ ಅಧ್ಯಕ್ಷನಾದಾನು ಎಂದು ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ನಾನು ಕಟ್ಟೆಯಲ್ಲಿ ಬಾಯಿ ತೆರೆದರೆ ಊರು ನನ್ನನ್ನು ಹೊರಗಿಡುತ್ತದೆ. ನಮ್ಮ ಮನೆಯ ಸಾವಿಗೂ ಯಾರೂ ಬರುವುದಿಲ್ಲ. ತೆರೆಯದಿದ್ದರೆ, ರಂಜಾನ್ ಒಳಗೆ ತೀರ್ಪಾಗದೆ ಎರಡೂ ಊರು ಆಟದಿಂದ ಹೊರಗೆ, ಈ ವರ್ಷದ ಲೀಗು ಅಲ್ಲಿಗೆ ಮುಗಿಯಿತು.

ಮುಚ್ಚಳ ಹಾಕಿದ್ದೇನೆ. ಬೆಕ್ಕು ಈಗ ಮುಚ್ಚಳದ ಮೇಲೆ ಮಲಗುತ್ತದೆ.

ನಿನ್ನ
ಬಕಾರಿ


ಫೊಂಬೊನಿ
೯ ನವೆಂಬರ್ ೧೯೯೩

ಪ್ರಿಯ ಬಕಾರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಲೆ, ತೂತು, ಬಾಳೆಗಿಡ, ಮಸೀದಿಗೆ ಓಡಿದ ರೆಫರಿ, ಎಲ್ಲ ಇದೆ. ಅದು ಗೋಲೋ ಅಲ್ಲವೋ ಎಂದು ಮಾತ್ರ ಬರೆದಿಲ್ಲ. ಗೋಲಲ್ಲದಿದ್ದರೆ ಮೊದಲ ಸಾಲಿನಲ್ಲೇ ಬರೆಯುತ್ತಿದ್ದಿರಿ. ನೀವು ಯಾವಾಗಲೂ ಕೂರುವುದು ಆ ಬಾಳೆಗಿಡಗಳ ಪಕ್ಕದಲ್ಲಿ; ಬಿಸಿಲು ಬೆನ್ನಿಗೆ ಬೀಳುತ್ತದೆ ಎಂದು.

ಇಷ್ಟು ಗೊತ್ತಾದ ಮೇಲೆ ನನಗೆ ನಿಮ್ಮ ಕಷ್ಟ ಅರ್ಥವಾಯಿತು. ಹಂಜಾಲೆಯ ವಿರುದ್ಧ ಹೇಳಬೇಕಾಗಿದ್ದರೆ ಊರಿನ ಯಾವ ಹಿರಿಯನಾದರೂ ನಿಮ್ಮ ಬಾಯಾಗಲು ಓಡಿ ಬರುತ್ತಿದ್ದ. ನಮ್ಮೂರಿನ ವಿರುದ್ಧ ಹೇಳಬೇಕಾದಾಗ ಬಾಯಿ ಎಲ್ಲಿಂದ ತರುವುದು?

ತಬೀಬು ಅಣ್ಣನನ್ನು ಕೇಳಬಹುದು. ಅವನಿಗೆ ನಿಮ್ಮ ಮೇಲೆ ಪ್ರೀತಿಯಿದೆ. ಆದರೆ ಅವನ ಸ್ವಭಾವ ನಿಮಗೆ ಗೊತ್ತು: ಹುಳಿ ಮಾತನ್ನು ಬಾಯಿಗೆ ಹಾಕಿಕೊಂಡರೆ ಹೊರಗೆ ಬರುವಷ್ಟರಲ್ಲಿ ಅದು ಬೆಲ್ಲವಾಗಿರುತ್ತದೆ. ಚಿಕ್ಕವಳಿದ್ದಾಗ ನಾನು ಅಪ್ಪನ ಲಾಟೀನು ಒಡೆದದ್ದನ್ನು ಅವನು ಅಪ್ಪನಿಗೆ ಹೇಳಿದ ರೀತಿಗೆ ಅಪ್ಪ ನನಗೇ ಸಮಾಧಾನ ಮಾಡಿದ್ದರು.

ಇಲ್ಲಿ ಸಂಜೆ ದೊಡ್ಡ ಬಾವಲಿಗಳು ಕಾಡಿನಿಂದ ಇಳಿದು ಬರುತ್ತವೆ, ಒಂದೊಂದೂ ಬಿಚ್ಚಿದ ಛತ್ರಿಯಷ್ಟು. ಮಕ್ಕಳು ತಲೆಯೆತ್ತಿಯೂ ನೋಡುವುದಿಲ್ಲ. ನಾನೊಬ್ಬಳೇ ಅಂಗಳದಲ್ಲಿ ಬಾಯಿ ಬಿಟ್ಟು ನಿಲ್ಲುತ್ತೇನೆ. ಪಕ್ಕದ ಮನೆಯ ಝೈನಬಾ, "ಟೀಚರಮ್ಮಾ, ಬಾವಲಿ ನೋಡಿದ್ದು ಸಾಕು, ಮರಗೆಣಸಿನ ಸೊಪ್ಪು ಸೀದುಹೋಗ್ತಿದೆ" ಎಂದು ಕೂಗುತ್ತಾಳೆ. ಹೀಗೆ ದಿನ ಕಳೆಯುತ್ತಿದೆ. ನಿಮಗೆ ತೋರಿಸಬೇಕಾದ್ದೆಲ್ಲ ಒಂದು ಕಡೆ ಸೇರಿಸಿಡುತ್ತಿದ್ದೇನೆ.

ಎಶಾತಿ


ಇವಾನಿ
೨೬ ನವೆಂಬರ್ ೧೯೯೩

ತಂಗಿ ಎಶಾತಿಗೆ ಅಣ್ಣ ತಬೀಬು ಮಾಡುವ ಸಲಾಮುಗಳು. ದೇವರು ನಿನ್ನನ್ನೂ, ನಿನ್ನಿಂದ ಪಾಠ ಹೇಳಿಸಿಕೊಳ್ಳುವ ಮ್ವಾಲಿಯ ಮಕ್ಕಳನ್ನೂ ಕಾಪಾಡಲಿ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತು. ಊರಿನ ಕ್ಷೇಮ, ಕಡಲಿನ ಸ್ಥಿತಿ, ಅಕ್ಕನ ಮಂಡಿನೋವು ಇವುಗಳ ಬಗ್ಗೆ ಮುಂದಿನ ಸಲ ವಿವರವಾಗಿ ಬರೆಯುತ್ತೇನೆ. ಈಗ ವಿಷಯ ಬಕಾರಿಯದು. ಅವನು ನನ್ನ ತಂಗಿಯ ಗಂಡ ಮಾತ್ರವಲ್ಲ, ನನ್ನ ಜೊತೆ ಕುರಾನ್ ಶಾಲೆಯಲ್ಲಿ ಒಂದೇ ಹಲಗೆಯಲ್ಲಿ ಬರೆದವನು. ಅಂಥವನು ಈ ವಯಸ್ಸಿನಲ್ಲಿ ಮಾರ್ಸೆಯ ಹುಡುಗರಿಗೆ ನೀರು ಹೊತ್ತುಕೊಡುವುದನ್ನು ನೋಡಿ ನನ್ನ ಕರುಳು ಚುರ್ ಎನ್ನುತ್ತದೆ.

ಹಿರಿಯರೆಲ್ಲ ಸೇರಿ ಒಂದು ದಾರಿ ಕಂಡುಕೊಂಡಿದ್ದೇವೆ. ಅವನು ದೊಡ್ಡ ಮದುವೆ ಮಾಡಿಕೊಳ್ಳಲಿ. ನಿನ್ನೊಂದಿಗೇ ಮಾಡಬಹುದಲ್ಲ ಎಂದು ನೀನು ಕೇಳುತ್ತೀ. ಕೇಳಬೇಕಾದ್ದೇ. ಆದರೆ ನಮ್ಮ ಮನೆಯ ದೊಡ್ಡ ಮದುವೆ ಹಿರಿಮಗಳಿಗೆ, ಅಂದರೆ ಅಕ್ಕನಿಗೆ ಆಗಿಹೋಯಿತು. ಇನ್ನೊಂದನ್ನು ಹೊರುವ ಬೆನ್ನು ನಮ್ಮ ಮನೆಗಿಲ್ಲ. ಮೇಲುಕೇರಿಯ ಮನೆಯಲ್ಲಿ ಹಿರಿಮಗಳು ನೂರಿಯಾತಿ ಇದ್ದಾಳೆ. ಅವಳ ಕಡೆಯವರು ಎಲ್ಲವನ್ನೂ ತಾವೇ ಹೊರಲು ಸಿದ್ಧ. ಮದುವೆಯ ಮರುದಿನ ಬಕಾರಿ ತುಂಬಿದ ಗಂಡಸಾಗಿ ಕಟ್ಟೆ ಏರುತ್ತಾನೆ. ನಿನ್ನ ಮನೆ ನಿನ್ನದೇ, ಅವನೂ ನಿನ್ನವನೇ. ವಾರದಲ್ಲಿ ಕೆಲವು ದಿನ ಆ ಮನೆ, ಅಷ್ಟೇ. ಅವರು ಬೇರೇನೂ ಕೇಳಿಲ್ಲ. ಇವಾನಿಯ ಅಳಿಯನಾದವನು ಆ ಗೋಲಿನ ವಿಷಯವನ್ನು ಇವಾನಿಯ ಕಣ್ಣಿನಿಂದ ನೋಡಿದರೆ ಸಾಕು ಎಂದಿದ್ದಾರೆ.

ನಿನಗೆ ಹೇಳದೆ ಮುಂದುವರಿಯುವುದು ನನಗೆ ಒಗ್ಗಲಿಲ್ಲ. ಅವನಿಗೆ ನಿನ್ನ ಮನೆಯ ಬಾಗಿಲು ಮುಚ್ಚುವುದಿಲ್ಲ ಎಂದು ನೀನು ಬರೆದರೆ ನಾನು ಮುಂದಿನದನ್ನು ನೋಡಿಕೊಳ್ಳುತ್ತೇನೆ.

ನಿನ್ನ ಹಿತವನ್ನೇ ಬಯಸುವ
ಅಣ್ಣ ತಬೀಬು


ಇವಾನಿ
೩ ಡಿಸೆಂಬರ್ ೧೯೯೩

ಎಶಾತಿ,

ಮಳೆ ಶುರುವಾಗಿದೆ. ತೊಟ್ಟಿ ಅರ್ಧ ತುಂಬಿತು. ಹೊಲಿಗೆ ಯಂತ್ರದ ಪಟ್ಟಿ ಕಡಿದುಹೋಗಿ ಹೊಸದು ಹಾಕಿದೆ. ನಮ್ಮ ದೊಡ್ಡ ಮಗ ಮಜುಂಗಾದಿಂದ ಪತ್ರ ಬರೆದಿದ್ದಾನೆ, ಚೆನ್ನಾಗಿದ್ದಾನಂತೆ. ನಮ್ಮ ತಂಡದ ಗೋಲ್‌ಕೀಪರ್ ಉಮೂರಿ ಆಗಾಗ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಾನೆ. ಬಲೆ ಹೆಣೆಯುತ್ತಾನೆ. ಮೈದಾನದ್ದಲ್ಲ, ಮೀನಿನದೇ.

ಕಟ್ಟೆಯ ಹಿರಿಯರಿಗೆ ಈಚೆಗೆ ನನ್ನ ಮೇಲೆ ತುಂಬ ಪ್ರೀತಿ. ನಸೂರು ಅವರು ನನ್ನನ್ನು ಕೆಳಗಿನ ಮೆಟ್ಟಿಲಿನಿಂದ ಒಂದು ಮೆಟ್ಟಿಲು ಮೇಲೆ ಕೂರಿಸಿಕೊಂಡರು. ಅವರ ಸಿಟ್ಟಿಗೆ ನಾನು ಹೆದರುವವನಲ್ಲ, ಪ್ರೀತಿಗೆ ಹೆದರುತ್ತೇನೆ. ಮೇಲುಕೇರಿಯ ಮನೆಯಿಂದ ಒಂದು ತಟ್ಟೆ ಹಲ್ವಾ ಬಂತು. ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟೆ.

ತಬೀಬು ಭಾವ ನನ್ನ ಪರವಾಗಿ ಕಟ್ಟೆಯಲ್ಲಿ ಮಾತಾಡಲು ಒಪ್ಪಿದ್ದಾರೆ. ಜನವರಿಯಲ್ಲಿ ಒಂದು ಶುಕ್ರವಾರ ಎಂದು ಗೊತ್ತಾಗಿದೆ.

ಹಳ್ಳದ ನೀರು ಮಳೆಗೆ ಮನೆಯೊಳಗೆ ಬರುವುದಿಲ್ಲ ತಾನೇ? ಬರೆ.

ಬಕಾರಿ


ಫೊಂಬೊನಿ
೧೯ ಡಿಸೆಂಬರ್ ೧೯೯೩

ಬಕಾರಿ,

ನೀರು ಮನೆಯೊಳಗೆ ಬರುವುದಿಲ್ಲ.

ಹಲ್ವಾವನ್ನು ಮಕ್ಕಳಿಗೆ ಕೊಟ್ಟಿರಿ. ಒಳ್ಳೆಯದಾಯಿತು. ಅದು ಯಾಕೆ ಬಂತು ಎಂದು ನೀವು ಬರೆಯಲಿಲ್ಲ, ಅಣ್ಣ ಬರೆದಿದ್ದಾನೆ. ನಿಮ್ಮ ಪತ್ರ ಅವನ ಪತ್ರದ ಜೊತೆಗೇ, ಒಂದೇ ದೋಣಿಯಲ್ಲಿ ಬಂತು. ಯಾವುದನ್ನು ಮೊದಲು ಬಿಡಿಸಿದೆ ಎಂದು ಹೇಳಬೇಕಾಗಿಲ್ಲ. ಅಣ್ಣನದನ್ನು ಓದಿದ ಮೇಲೆ ನಿಮ್ಮದನ್ನು ಮತ್ತೆ ಬಿಡಿಸಿ ಆ ಮಾತಿಗಾಗಿ ಹುಡುಕಿದೆ.

ಆ ಮನೆ ನನ್ನದು. ಅಮ್ಮ ನನಗೆ ಕೊಟ್ಟದ್ದು. ಒಂದು ಬೆಳಿಗ್ಗೆ ನಿಮ್ಮ ಪೆಟ್ಟಿಗೆಯನ್ನು ಜಗುಲಿಯ ಮೇಲೆ ಇಟ್ಟು ಬಾಗಿಲು ಎಳೆದುಕೊಂಡರೆ ಊರಲ್ಲಿ ಯಾರೂ ನನ್ನನ್ನು ಯಾಕೆ ಎನ್ನುವುದಿಲ್ಲ. ನಮ್ಮ ಅಜ್ಜಿ ಹಾಗೇ ಮಾಡಿದ್ದಳು. ಆ ಕಥೆ ಕೇಳಿದಾಗಲೆಲ್ಲ ನಾನು ಅಜ್ಜಿಗಲ್ಲ, ಜಗುಲಿಯ ಮೇಲಿನ ಪೆಟ್ಟಿಗೆಗೆ ಮರುಗುತ್ತಿದ್ದೆ.

ನಾನು ಬಾಗಿಲು ಮುಚ್ಚುತ್ತೇನೆ ಎಂದು ಹೆದರಿಸುತ್ತಿಲ್ಲ, ತೆರೆದಿಡುತ್ತೇನೆ ಎಂದು ಮಾತೂ ಕೊಡುತ್ತಿಲ್ಲ. ನನಗಾಗಿ ಒಪ್ಪಬೇಡಿ, ನನಗಾಗಿ ಬೇಡ ಎನ್ನಲೂ ಬೇಡಿ. ಬೇಡವೆಂದದ್ದಕ್ಕೆ ನಾನು ಕಾರಣವಾದರೆ, ಇನ್ನು ಸಾಯುವವರೆಗೆ ನೀವು ಆ ಕೆಳಗಿನ ಮೆಟ್ಟಿಲ ಮೇಲೆ ಕೂತಾಗಲೆಲ್ಲ ನಾನು ನಿಮ್ಮನ್ನು ಅಲ್ಲಿ ಕೂರಿಸಿದಂತಾಗುತ್ತದೆ.

ಅಣ್ಣನಿಗೆ ನಾನಿನ್ನೂ ಉತ್ತರ ಬರೆದಿಲ್ಲ.

ಎಶಾತಿ


ಇವಾನಿ
೧೬ ಜನವರಿ ೧೯೯೪

ಎಶಾತಿ,

ಆ ವಿಷಯ ನಾನು ಬರೆಯಲಿಲ್ಲ, ನಿಜ. ಅದು ನನ್ನ ಮಾತಾಗಿರಲಿಲ್ಲ, ಅವರದು. ನನ್ನದಲ್ಲದ ಮಾತನ್ನು ನಿನಗೆ ಬರೆದು ಕಳಿಸಲು ಮನಸ್ಸಾಗಲಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಈಗ ನಡೆದದ್ದನ್ನು ಕೇಳು.

ಮೊನ್ನೆ ಶುಕ್ರವಾರ ಸಂಜೆ ಕಟ್ಟೆ ಸೇರಿತು. ಭಾವನಿಗೆ ಅಂಗಡಿಯಲ್ಲೇ ಹೇಳಿದ್ದೆ: "ಗೋಲು. ಇಷ್ಟೇ ಹೇಳ್ಬೇಕು, ಭಾವಾ. ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ." ಆಗಲಿ ಎಂದಿದ್ದರು. ಕಟ್ಟೆಯ ಮೇಲೆ ಎದ್ದು ನಿಂತು ಮೊದಲು ದೇವರನ್ನು ಹೊಗಳಿದರು, ಆಮೇಲೆ ಪ್ರವಾದಿಯನ್ನು, ಆಮೇಲೆ ಊರು ಕಟ್ಟಿದವರನ್ನು. ಹಂಜಾಲೆಯವರ ಪೂರ್ವಜರನ್ನೂ ಸ್ವಲ್ಪ ಹೊಗಳಿದಾಗ ನನಗೆ ಅನುಮಾನ ಬಂತು. ಕೊನೆಗೆ, ಅಂದು ಗಾಳಿ ಬೀಸುತ್ತಿತ್ತು, ಬಲೆ ಹಳೆಯದು, ಚೆಂಡು ಯಾವ ದಾರಿಯಲ್ಲಿ ಹೋಯಿತೆಂದು ಬಲ್ಲವನು ಮೇಲಿನವನೊಬ್ಬನೇ; ಆದ್ದರಿಂದ ಪಂದ್ಯವನ್ನು ಮತ್ತೆ ಇದೇ ಇವಾನಿಯಲ್ಲಿ ಆಡಬೇಕೆಂದು ಅಧ್ಯಕ್ಷರ ಅಭಿಪ್ರಾಯ ಎಂದರು. ಹಿರಿಯರೆಲ್ಲ ತಲೆದೂಗಿದರು.

ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಇಪ್ಪತ್ತು ವರ್ಷ ಮೈದಾನದಲ್ಲಿ ಓಡಿದವನಿಗೆ ತಪ್ಪು ಕಂಡಾಗ ನಾಲಿಗೆಗಿಂತ ಮೊದಲು ಕೈ ಏಳುತ್ತದೆ. ಸೀಟಿ ಅಂಗಿಯೊಳಗೆ ಕೊರಳಲ್ಲೇ ಇತ್ತು. ಊದಿಬಿಟ್ಟೆ.

ಭಾವನ ಮಾತು ಅರ್ಧಕ್ಕೇ ನಿಂತಿತು, ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಊದಿದ ಮೇಲೆ ರೆಫರಿ ಸುಮ್ಮನೆ ನಿಲ್ಲುವಂತಿಲ್ಲ. ಎದ್ದು ನಿಂತು ಬಲಗೈಯನ್ನು ಉದ್ದಕ್ಕೆ ಚಾಚಿ ನಡುವಿಗೆ ತೋರಿಸಿದೆ. ಆಗ ಗೊತ್ತಾಯಿತು, ಕಟ್ಟೆಯ ನಟ್ಟನಡುವೆ ಏನಿದೆ ಎಂದು. ನಸೂರು ಅವರ ಕುರ್ಚಿ.

ಅವರು ನನ್ನನ್ನೇ ನೋಡಿದರು. "ನನ್ನ ಕುರ್ಚಿ ಬೇಕೇನೋ ನಿಂಗೆ?" ಅಂದರು.

ನಾನು ಏನು ಹೇಳಲಿ? ಇಲ್ಲ ಎಂದರೂ ಅದು ಮಾತೇ. ಕೈ ಇಳಿಸಿದರೆ ಗೋಲು ವಾಪಸು ಪಡೆದಂತೆ. ಕೈ ಚಾಚಿಕೊಂಡೇ ನಿಂತೆ. ಅವರು ಗಾಬರಿಯಿಂದ ಕುರ್ಚಿಯ ಎರಡೂ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು, ನಾನು ಎಳೆದುಕೊಂಡು ಹೋಗುತ್ತೇನೋ ಎನ್ನುವ ಹಾಗೆ. "ಎಂಬತ್ತು ವರ್ಷ ಆಯ್ತು ನಂಗೆ. ಸಾಯೋತನಕ ತಡೀಯೋ ಮಾರಾಯ" ಅಂದರು. ಕೊನೆಗೆ ಹಬೀಬು ಎದ್ದ. ಅವನಿಗೆ ಮಾತಾಡುವ ಹಕ್ಕಿದೆಯಲ್ಲ.

"ಕುರ್ಚಿ ಕೇಳ್ತಿಲ್ಲ ಅಜ್ಜಾ. ಗೋಲು ಅಂತಿದಾರೆ."

ಮೆಟ್ಟಿಲುಗಳ ಮೇಲೆ ಕೂತಿದ್ದ ಊರಮಕ್ಕಳು, ನಮ್ಮ ಆಟಗಾರರೆಲ್ಲ, ಅವನು ಹೇಳುವ ಮೊದಲೇ ತಿಳಿದುಕೊಂಡಿದ್ದರು. ನಾನು ಉಮೂರಿಯ ಮುಖ ನೋಡಿದೆ. ಆ ಚೆಂಡು ಅವನ ಬೆರಳು ಸವರಿಕೊಂಡೇ ಒಳಗೆ ಹೋದದ್ದು. ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವನು ತಲೆ ತಗ್ಗಿಸಲಿಲ್ಲ. ಎದೆಯ ಮೇಲಿನ ಭಾರ ಯಾರೋ ಇಳಿಸಿದ ಹಾಗೆ ಉಸಿರು ಬಿಟ್ಟ.

ಆಮೇಲೆ ನಾನು ಕೈ ಇಳಿಸಿ ಮನೆಗೆ ಬಂದೆ. ಹಿಂದೆ ಕಟ್ಟೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮನೆಗೆ ಬಂದವನು ಸೀಟಿ ಕೊರಳಲ್ಲಿರುವಂತೆಯೇ ತೊಟ್ಟಿಯ ಮುಚ್ಚಳ ಸರಿಮಾಡಿದೆ. ನೀನಿದ್ದಿದ್ದರೆ ನಗುತ್ತಿದ್ದೆ. ನಕ್ಕಿದ್ದರೆ ನನಗೆ ಧೈರ್ಯ ಬರುತ್ತಿತ್ತು.

ನಿನ್ನ
ಬಕಾರಿ


ಇವಾನಿ
೨೯ ಜನವರಿ ೧೯೯೪

ತಂಗಿ ಎಶಾತಿಗೆ ಅಣ್ಣನ ಸಲಾಮುಗಳು.

ನಿನ್ನ ಗಂಡ ಇಡೀ ಊರಿನೆದುರು ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿದ. ಅದನ್ನು ಮರೆತಿದ್ದೇನೆ. ಮರೆತಿದ್ದೇನೆ ಎಂದು ಅವನಿಗೆ ದಿನವೂ ಹೇಳುತ್ತಿದ್ದೇನೆ.

ಅವನು ಮಾಡಿದ್ದು ಮಾತಾಡಿದಂತಾಯಿತೇ ಇಲ್ಲವೇ ಎಂದು ಎರಡು ಶುಕ್ರವಾರ ಚರ್ಚೆಯಾಯಿತು. ಹಕ್ಕಿಯೂ ಸಿಳ್ಳೆ ಹಾಕುತ್ತದೆ, ಅದಕ್ಕೆ ಯಾರಾದರೂ ದಂಡ ಹಾಕುತ್ತಾರೆಯೇ ಎಂದು ಖಾಜಿ ಕೇಳಿದರು. ಹಾಗಾದರೆ ಕೈ? ಹಡಗಿನ ಕಡೆ ಕೈ ಬೀಸುವುದು ಮಾತಲ್ಲ ಎಂದರೆ ಇದೂ ಅಲ್ಲ. ಕೊನೆಗೆ ನಾನೇ ಎದ್ದು ತೀರ್ಮಾನ ಹೇಳಿದೆ: ಬಕಾರಿ ಮಾತಾಡಿಲ್ಲ, ಆದ್ದರಿಂದ ದಂಡವಿಲ್ಲ, ಮಾತಾಡಿಲ್ಲವಾದ್ದರಿಂದ ತೀರ್ಪೂ ಇಲ್ಲ. ಬಹಳ ಸೊಗಸಾದ ತೀರ್ಮಾನ ಎಂದು ಎಲ್ಲರೂ ಒಪ್ಪಿದರು.

ನಾವು ಸೊಗಸಾಗಿ ಒಪ್ಪುತ್ತಿದ್ದಾಗ ತಿಳಿಯಿತು, ಉಮೂರಿ ಹಿಂದಿನ ವಾರವೇ ಇಡೀ ತಂಡವನ್ನು ಕರೆದುಕೊಂಡು ಹಂಜಾಲೆಗೆ ನಡೆದುಹೋಗಿ, ಗೋಲಾದದ್ದು ನಿಜ ಎಂದು ಹೇಳಿ ಕೈ ಕುಲುಕಿ ಬಂದಿದ್ದಾನೆ ಎಂದು. ಹಂಜಾಲೆಯವರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಆಡು ಕಡಿದು ಊಟ ಹಾಕಿದರಂತೆ. ಅವರು ಫೈನಲ್ ಆಡುತ್ತಾರೆ. ಊರಮಕ್ಕಳು ಊರಮಗನ ಮಾತು ಕೇಳಿದರು. ಕಟ್ಟೆಯನ್ನು ಯಾರೂ ಕೇಳಲಿಲ್ಲ.

ಕೆಲವು ಮನೆಯವರು ಬಕಾರಿಯ ಬಳಿ ಮದುವೆಯ ನಿಲುವಂಗಿ ಹೊಲಿಸುವುದನ್ನು ನಿಲ್ಲಿಸಿದ್ದಾರೆ. ನಾನು ಬೇಡವೆಂದರೂ ಕೇಳುತ್ತಿಲ್ಲ. ನಸೂರು ಅವರು ಮಾತ್ರ, "ಅವನನ್ನ ಒಳಗೆ ಎಳ್ಕೊಳ್ರಪ್ಪಾ, ಹೊರಗಿಟ್ರೆ ಊದ್ತಾನೆ" ಎನ್ನುತ್ತಿದ್ದಾರೆ. ಒಳಗೆ ಬಂದವನು ಮರ್ಯಾದೆಗಾದರೂ ಸುಮ್ಮನಿರುತ್ತಾನೆ ಎಂದು ಅವರ ಅನುಭವ. ಮೇಲುಕೇರಿಯವರು ಇಷ್ಟಾದರೂ ಮನಸ್ಸು ಬದಲಿಸಿಲ್ಲ. ಆದರೆ ರಂಜಾನ್ ಬರುವುದರೊಳಗೆ ತಿಳಿಯಬೇಕು ಎನ್ನುತ್ತಾರೆ. ಬಕಾರಿಯನ್ನು ಕೇಳಿದರೆ, ಮೂರು ದ್ವೀಪಗಳ ಲೀಗಿನವರ ಸಭೆ ಈ ಸಲ ಮ್ವಾಲಿಯಲ್ಲಿದೆ, ಹೋಗಿ ಬರುತ್ತೇನೆ ಎಂದಷ್ಟೇ ಹೇಳುತ್ತಾನೆ.

ಅವನು ಅಲ್ಲಿರುವಾಗ ಕೂತು ಮಾತಾಡಿ ನನಗೆ ಬರೆ.

ಅಣ್ಣ ತಬೀಬು


ಫೊಂಬೊನಿ
೯ ಫೆಬ್ರವರಿ ೧೯೯೪

ಅಣ್ಣಾ,

ಅವರು ನಿನ್ನೆ ಬೆಳಿಗ್ಗೆ ದೋಣಿ ಹತ್ತಿದರು. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸಬಹುದಿತ್ತು. ಆದರೆ ಹೇಳಬೇಕಾದ್ದು ಮನಸ್ಸಿನಲ್ಲಿ ತಿಳಿಯಾಗಲು ಒಂದು ದಿನ ಬೇಕಾಯಿತು.

ಕೂತು ಮಾತಾಡಿ ಎಂದು ನೀನು ಬರೆದಿದ್ದೆ. ಕೂತೆವು, ಹಳ್ಳದ ಕಲ್ಲುಗಳ ಮೇಲೆ, ನೀರಿನಲ್ಲಿ ಕಾಲಿಟ್ಟುಕೊಂಡು. ನಾನು ಕೂಡಿಟ್ಟದ್ದನ್ನೆಲ್ಲ ತೋರಿಸಿದೆ. ಬಾವಲಿಗಳನ್ನು ನೋಡಿ ಅವರು, ಇಷ್ಟು ದೊಡ್ಡ ನಿಲುವಂಗಿಗೆ ಎಷ್ಟು ಬಟ್ಟೆ ಬೇಕಾದೀತು ಎಂದರು. ಮೇಲುಕೇರಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಮೀನಿಗೆ ಉಪ್ಪು ಸಾಕಾ ಎಂದೇ ಕೇಳಿದೆ. ಸಾಕು ಎಂದರು ಪಾಪ, ಪ್ರತಿ ಸಲವೂ.

ಅವರ ಸಭೆಯಲ್ಲಿ ಮುಂದಿನ ಪಂದ್ಯಗಳನ್ನು ನಡೆಸುವ ಸರದಿ ಯಾವ ದ್ವೀಪದ್ದು ಎಂದು ಒಂದಿಡೀ ದಿನ ವಾದ ನಡೆಯಿತಂತೆ. ಮೂರನೆಯ ದ್ವೀಪವಾದ ನ್ಜುವಾನಿಯವರಿಗೆ ನಮ್ಮ ಮೇಲೆ ನಂಬಿಕೆಯಿಲ್ಲ, ನಮಗೆ ಅವರ ಮೇಲಿಲ್ಲ. ಕೊನೆಗೆ ಇಬ್ಬರೂ ಸೇರಿ ಮ್ವಾಲಿಗೆ ಕೊಟ್ಟರು. ಆ ಸಂತೋಷಕ್ಕೆ ನಮ್ಮ ಕೇರಿಯ ಹಿರಿಯರು ಅತಿಥಿಗಳನ್ನು ಸಂಜೆ ಕಟ್ಟೆಗೆ ಕರೆದರು. ದೊಡ್ಡ ಮದುವೆ ಇಲ್ಲಿಯೂ ಇದೆ. ಆದರೆ ಬಂದ ಅತಿಥಿಯನ್ನು ಇಲ್ಲಿ ಯಾರೂ ಅದು ಆಗಿದೆಯೇ ಎಂದು ಕೇಳುವುದಿಲ್ಲ.

ನಾವು ಹೆಂಗಸರು ಕಟ್ಟೆಯ ಹಿಂದಿನ ಅಂಗಳದಲ್ಲಿ, ಹವಳದ ಕಲ್ಲಿನ ಗೋಡೆಯ ಈಚೆ, ಅಕ್ಕಿ ಆರಿಸುತ್ತ ಕೂತಿದ್ದೆವು. ಗೋಡೆಯ ಸಂದಿಯಲ್ಲಿ ಅವರು ಕಾಣುತ್ತಿದ್ದರು. ಬಂದವರೇ ಸೀದಾ ಕೆಳಗಿನ ಮೆಟ್ಟಿಲಿಗೆ ಹೋಗಿ ಕೂತರು. ಒಬ್ಬ ಮುದುಕರು ಕೈಹಿಡಿದು ಎಬ್ಬಿಸಿ ಮೇಲೆ ಕರೆದೊಯ್ದು ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಒಬ್ಬೊಬ್ಬ ಅತಿಥಿಯೂ ಎದ್ದು ಮಾತಾಡಿದರು. ನ್ಜುವಾನಿಯವರು ಸೂರ್ಯ ಕಡಲಿಗೆ ತಾಗುವವರೆಗೆ ಮಾತಾಡಿದರು. ಆಮೇಲೆ ಹಿರಿಯರು ಇವರ ಕಡೆ ತಿರುಗಿ, ನೀವೂ ಎರಡು ಮಾತು ಹೇಳಿ ಎಂದರು.

ಅಣ್ಣಾ, ನೀನು ಮೂವತ್ತಕ್ಕೇ ಕಟ್ಟೆಯ ಮೇಲೆ ಮಾತಾಡಿದವನು. ಮೊದಲ ಸಲ ಎದ್ದಾಗ ಏನೇನು ಹೇಳಿದೆ ಎಂದು ನಿನಗೆ ಈಗಲೂ ಬಾಯಿಪಾಠವಿದೆ. ಬಾಳಿನ ಹೆಚ್ಚಿನ ಪಾಲು ಮಾತನ್ನು ಒಳಗಿಟ್ಟುಕೊಂಡು ಕೂತವನಿಗೆ ಒಂದು ಸಂಜೆ ಯಾರೋ ಹೇಳಪ್ಪಾ ಎಂದರೆ ಹೇಗಿರುತ್ತದೆ? ಅವರು ಎದ್ದು ನಿಂತರು. ಟೋಪಿ ಸರಿಮಾಡಿಕೊಂಡರು. ಕಟ್ಟೆ ಕಾದಿತು. ಈಗ ಲೀಗಿನ ಬಗ್ಗೆ ಹೇಳುತ್ತಾರೆ, ಆ ಗೋಲಿನ ಬಗ್ಗೆ ಹೇಳುತ್ತಾರೆ, ನ್ಯಾಯದ ಬಗ್ಗೆ ಹೇಳುತ್ತಾರೆ ಎಂದುಕೊಂಡೆ. ನನ್ನ ಮೊರದಲ್ಲಿನ ಅಕ್ಕಿ ಒಂದು ಕಡೆಗೆ ಜಾರಿತ್ತು.

"ನನ್ನ ಹೆಸರು ಬಕಾರಿ" ಎಂದರು. "ನಿಮ್ಮ ಮಕ್ಕಳಿಗೆ ಪಾಠ ಹೇಳೋ ಎಶಾತಿ ಇದಾಳಲ್ಲ, ಅವಳ ಗಂಡ."

ಹೇಳಿ ಕೂತುಬಿಟ್ಟರು. ಮುಂದೇನು ಎಂದು ಹಿರಿಯರು ಇನ್ನೂ ಕಾಯುತ್ತಿದ್ದರು. ಅಷ್ಟೇ ಎಂದರು ಇವರು.

ಮೇಲುಕೇರಿಯವರಿಗೆ ಏನು ಹೇಳಬೇಕೆಂದು ನಿನಗೆ ಗೊತ್ತಾಗಿರಬೇಕು. ಒಳ್ಳೆಯ ಮಾತಿನಲ್ಲಿ ಹೇಳು, ಅದು ನಿನಗಿಂತ ಚೆನ್ನಾಗಿ ಯಾರಿಗೂ ಬರುವುದಿಲ್ಲ. ನೂರಿಯಾತಿ ನನ್ನ ಕೈಯಲ್ಲಿ ಓದಿದ ಹುಡುಗಿ. ಅವಳಿಗೆ ತನ್ನ ವಯಸ್ಸಿನವನೊಬ್ಬ ಸಿಗಲಿ. ಊರು ನಿಲುವಂಗಿ ಹೊಲಿಸದಿದ್ದರೆ ಅವರು ಅಂಗಿ ಹೊಲಿಯುತ್ತಾರೆ. ನನ್ನ ವರ್ಷ ಮುಗಿದ ಮೇಲೆ ನಾನೂ ಮನೆಗೆ ಬರುತ್ತೇನೆ.

ಇನ್ನೊಂದು ವಿಷಯವಿದೆ, ಅಕ್ಕನಿಗೂ ಓದಿ ಹೇಳು. ಅವರು ಕೂತ ಕೂಡಲೇ ನನ್ನ ಪಕ್ಕದಲ್ಲಿದ್ದ ಝೈನಬಾ, ಮುಖದ ತುಂಬ ಗಂಧ ಹಚ್ಚಿಕೊಂಡವಳು, ನನ್ನ ಪಕ್ಕೆಗೆ ತಿವಿದಳು. "ಕೇಳಿಸ್ತಾ ಟೀಚರಮ್ಮಾ, ಏನಂದ್ರು ಅಂತ?"

ಕೇಳಿಸಲಿಲ್ಲ ಎಂದೆ. ಅವಳು ಅಂಗಳದಲ್ಲಿದ್ದ ಎಲ್ಲ ಹೆಂಗಸರಿಗೂ ಕೇಳುವ ಹಾಗೆ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದಳು.

ಕೇಳಿಸಿತ್ತು, ಅಣ್ಣಾ.

ನಿನ್ನ ತಂಗಿ
ಎಶಾತಿ